ಗಿರಮಲ್ಲಪ್ಪನ ಹೆಸರಿನ ಚಿಪ್ಪು

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದಲ್ಲಿ ವಿಲೀನವಾದ ಮರುವರ್ಷ ಗಿರಮಲ್ಲಪ್ಪ ಅದೇ ಊರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದ. ಅವರ ಮನೆತನದಲ್ಲಿ ಕುರಿಹಿಂಡಿನ ಹಿಂದೆ ಹೋಗದೆ ಸಂಬಳದ ಕೆಲಸ ಹಿಡಿದವನು ಅವನೇ ಮೊದಲಿಗ. ತಂದೆ ಬೀರೇಶ್ವರನಿಗೆ ಹರಕೆ ಹೊತ್ತು, ಹಿಂಡಿನ ಒಳ್ಳೊಳ್ಳೆ ಟಗರುಗಳನ್ನೇ ಮಾರಿ ಅವನನ್ನು ಪುಣೆಗೆ ಓದಲು ಕಳಿಸಿದ್ದರು. ಅಲ್ಲಿ ಅವನು ಓದಿದ್ದು ಭೂಗರ್ಭಶಾಸ್ತ್ರ. ಅದೆಂಥ ವಿದ್ಯೆ ಎಂಬುದು ಮನೆಯವರಿಗೆ ಕಡೆಯವರೆಗೂ ತಿಳಿಯಲಿಲ್ಲ. ಯಾರಾದರೂ ಕೇಳಿದರೆ ಅಣ್ಣ ಪಾಂಡಪ್ಪ, ನಮ್ಮ ತಮ್ಮ ಕಲ್ಲಿನ ಸಾಲಿ ಕಲತಾನ ಎಂದು ಹೇಳಿ ಸುಮ್ಮನಾಗುತ್ತಿದ್ದ.

ಪುಣೆಯಲ್ಲಿ ಅವನ ಕೋಣೆಯಲ್ಲಿದ್ದವನು ರಬಕವಿಯ ಶಿವಯೋಗೆಪ್ಪ, ನೇಕಾರರ ಮನೆಯ ಮಗ. ಮರಾಠಿ ಮಾತಿನ ನಡುವೆ ಕನ್ನಡ ಕೇಳಿದ್ದೇ ನೆಪವಾಗಿ ಇಬ್ಬರೂ ಹತ್ತಿರವಾದರು. ಊರಿಂದ ಬಂದ ಜೋಳದ ಹಿಟ್ಟಿನಲ್ಲಿ ಇಬ್ಬರೂ ಕೂಡಿ ರೊಟ್ಟಿ ಬಡಿದುಕೊಂಡರು. ಇದ್ದ ಒಂದೇ ಕೋಟನ್ನು ಪರೀಕ್ಷೆಯ ದಿನ ಸರದಿಯ ಮೇಲೆ ಹಾಕಿಕೊಂಡರು. ಶಿವಯೋಗೆಪ್ಪ ಚುರುಕು, ಮಾತುಗಾರ. ಸಾಹೇಬರ ಎದುರಿಗೆ ಹೋಗಿ ನಿಲ್ಲಲು ಅಂಜುವವನಲ್ಲ. ಗಿರಮಲ್ಲಪ್ಪ ನಿಧಾನಸ್ಥ. ಯಾವ ಕಲ್ಲನ್ನು ಕೊಟ್ಟರೂ ತಿರುವಿ ತಿರುವಿ ನೋಡುತ್ತ ಕೂರುವವನು. ಬಿ.ಎಸ್ಸಿ. ಮುಗಿಯುವ ಹೊತ್ತಿಗೆ ತಂದೆ ತೀರಿಕೊಂಡರು, ಗಿರಮಲ್ಲಪ್ಪ ಊರಿಗೆ ಮರಳಬೇಕಾಯಿತು. ಶಿವಯೋಗೆಪ್ಪ ಮುಂದೆ ಓದಿ ಅಲ್ಲಿಯೇ ಒಂದು ಕಾಲೇಜಿನಲ್ಲಿ ಕೆಲಸಕ್ಕೆ ನಿಂತ. ಹಾಗೆಂದು ಸ್ನೇಹ ಸಡಿಲಾಗಲಿಲ್ಲ. ರಜೆಗೆ ರಬಕವಿಗೆ ಬಂದಾಗಲೆಲ್ಲ ಅವನು ಜಮಖಂಡಿಗೂ ಬಂದು ಒಂದು ದಿನ ಇದ್ದು ಹೋಗುತ್ತಿದ್ದ. ಗಿರಮಲ್ಲಪ್ಪನ ಹೆಂಡತಿ ಸತ್ಯವ್ವ ಅವನನ್ನು ಮೈದುನನ ಹಾಗೇ ಕಂಡಳು.

ಆ ದಿನಗಳಲ್ಲಿ ಪಾಂಡಪ್ಪ ಬೀಳಗಿಯ ದಾರಿಯಲ್ಲಿದ್ದ ತನ್ನ ಹೊಲದಲ್ಲಿ ಬಾವಿ ತೋಡಿಸಲು ಹಿಡಿದಿದ್ದ. ಎರೆಮಣ್ಣು ಮುಗಿದು ಕರಿಕಲ್ಲು ಬಂತು. ಮದ್ದು ಇಟ್ಟು ಒಡೆಯುತ್ತ ಹೋದಂತೆ ಆ ಕರಿಕಲ್ಲಿನ ಕೆಳಗೆ ಹಳದಿ ಜೇಡಿ, ಅದರ ಕೆಳಗೆ ಸುಣ್ಣದಂಥ ಬಿಳಿಯ ಮೆತ್ತನೆ ಪದರು, ಮತ್ತೆ ಕರಿಕಲ್ಲು. ಮೆತ್ತನೆಯದು ಕುಸಿದು ಬಿದ್ದೀತೆಂದು ಪಾಂಡಪ್ಪನಿಗೆ ಚಿಂತೆ. ರವಿವಾರ ಹೊಲಕ್ಕೆ ಬಂದ ತಮ್ಮ ಮಾತ್ರ ದಂಡೆಯ ಮೇಲೆ ಬಿದ್ದಿದ್ದ ಬಿಳಿಯ ಹೆಂಟೆಯೊಂದನ್ನು ಎತ್ತಿಕೊಂಡು, ಭೂತಗನ್ನಡಿ ಹಿಡಿದು ನೋಡಿದವನು ಊಟಕ್ಕೆ ಕರೆದರೂ ಏಳಲಿಲ್ಲ. ಹೆಂಟೆಯ ತುಂಬ ಗಸಗಸೆಯಷ್ಟು ಸಣ್ಣ ಕಾಳುಗಳು. ಕಾಳಲ್ಲ, ಚಿಪ್ಪು. ಅವರೆಕಾಯಿ ಸಿಪ್ಪೆಯ ಹಾಗೆ ಎರಡು ಹೋಳು ಕೂಡಿ ಒಂದಾದ ಚಿಪ್ಪು.

ಅದು ಆಸ್ಟ್ರಕೋಡ್ ಎಂಬ ನೀರುಹುಳದ ಚಿಪ್ಪು ಎಂದು ಅವನಿಗೆ ಗೊತ್ತಿತ್ತು. ಅಣ್ಣನಿಗೆ ತಿಳಿಯುವ ಹಾಗೆ ಹೇಳಿದ: ಈ ಕರಿಕಲ್ಲೆಲ್ಲ ಒಂದು ಕಾಲಕ್ಕೆ ಭೂಮಿಯಿಂದ ಉಕ್ಕಿದ ಬೆಂಕಿರಸ, ಒಂದು ಉಕ್ಕು ಆರಿ ಮತ್ತೊಂದು ಉಕ್ಕು ಬರುವ ನಡುವೆ ಇಲ್ಲಿ ಕೆರೆ ನಿಂತಿತ್ತು, ಆ ಕೆರೆಯಲ್ಲಿ ಈ ಹುಳಗಳಿದ್ದವು, ಮನುಷ್ಯ ಹುಟ್ಟುವ ಎಷ್ಟೋ ಮೊದಲಿನ ಮಾತು. ಪಾಂಡಪ್ಪ ಎಲ್ಲ ಕೇಳಿಸಿಕೊಂಡು, "ಅವಾಗ ಇಷ್ಟ್ ನೀರ ಇತ್ತಂದ್ರ ಈಗ ನನಗ್ಯಾಕ ಹತ್ತವಲ್ದು, ತಮ್ಮಾ?" ಎಂದ.

ಅಂದಿನಿಂದ ಗಿರಮಲ್ಲಪ್ಪನ ರವಿವಾರಗಳೆಲ್ಲ ಆ ಬಿಳಿಯ ಪದರಿಗೆ ಮೀಸಲಾದವು. ಹೆಂಟೆಗಳನ್ನು ಒಣಗಿಸಿ, ಸೋಡಾ ಹಾಕಿದ ನೀರಲ್ಲಿ ಕುದಿಸಿದರೆ ಅವು ಮೆಲ್ಲಗೆ ಬಿಚ್ಚಿಕೊಂಡು ರಾಡಿಯಾಗುತ್ತಿದ್ದವು. ಅದಕ್ಕೆ ಸತ್ಯವ್ವ ಒಂದು ತೂತುಬೀಳಲಿದ್ದ ಬೋಗುಣಿಯನ್ನು ಕೊಟ್ಟು, ಇದನ್ನು ತಿರುಗಿ ಅಡಿಗೆಮನೆಗೆ ತರಬೇಡಿರೆಂದು ಕಟ್ಟಪ್ಪಣೆ ಮಾಡಿದಳು. ರಾಡಿಯನ್ನು ಸೋಸಲು ಶಿವಯೋಗೆಪ್ಪ ತನ್ನ ಮನೆಯ ಮಗ್ಗದಿಂದಲೇ ತೆಳುನೂಲಿನ ಬಟ್ಟೆ ತಂದುಕೊಟ್ಟ. ಸೋಸಿ ಉಳಿದ ಗಸಿಯನ್ನು ಒಣಗಿಸಿ, ಕರಿಕಾಗದದ ಮೇಲೆ ಹರಡಿ, ತೊಯ್ದ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಎತ್ತಿಡುವುದು. ಉಸಿರು ಜೋರಾದರೆ ಹಾರಿಹೋಗುವಂಥ ಕೆಲಸ. ಒಮ್ಮೆ ಒಂದು ಸುಂದರವಾದ ಎಡಚಿಪ್ಪನ್ನು ಎತ್ತುವಾಗ ಕುಂಚದ ಹಿಡಿ ತಾಗಿ ಅದರ ಹಿಂಬದಿಯ ಅಂಚಿನಲ್ಲಿ ತುಣುಕು ಹಾರಿತು, ಕಚ್ಚಿದ ರೊಟ್ಟಿಯಂತೆ. ಅವತ್ತು ಅವನು ಕುಂಚವನ್ನು ತೊಳೆದಿಟ್ಟು ಮತ್ತೆ ಮುಟ್ಟಲಿಲ್ಲ.

ಚಿಪ್ಪುಗಳಲ್ಲಿ ಹೆಚ್ಚಿನವು ಮೊದಲೇ ಹೆಸರು ಪಡೆದ ಒಂದು ಪ್ರಭೇದಕ್ಕೆ ಹೊಂದುತ್ತಿದ್ದವು. ಎಡಚಿಪ್ಪು ತುಸು ದೊಡ್ಡದು, ಬಲಚಿಪ್ಪಿನ ಅಂಚನ್ನು ಅಪ್ಪಿ ಮುಚ್ಚುತ್ತದೆ; ಬೆನ್ನು ಕಮಾನು; ನಡುವೆ ಹುಳ ತನ್ನ ಚಿಪ್ಪು ಮುಚ್ಚಲು ಬಳಸುತ್ತಿದ್ದ ಸ್ನಾಯುಗಳ ಗುರುತು. ಆದರೆ ಪದರಿನ ತಳಭಾಗದಿಂದ ಬಂದ ಕೆಲವು ಚಿಪ್ಪುಗಳು ಹಾಗಿರಲಿಲ್ಲ. ಅವುಗಳ ಬೆನ್ನಿನ ಕಮಾನು ಹಿಂದಕ್ಕೆ ಬಂದಂತೆ ಥಟ್ಟನೆ ಇಳಿದು ತುದಿ ಚೂಪಾಗುತ್ತಿತ್ತು. ಮೈ ನುಣುಪಾಗಿರದೆ, ಹಿಂದಿನ ಅರ್ಧದಲ್ಲಿ ಸೂಜಿಯಿಂದ ಚುಚ್ಚಿದಂಥ ಕುಳಿಗಳು ಸಾಲುಹಿಡಿದು ಕೂತಿದ್ದವು. ಗಾತ್ರದಲ್ಲೂ ತುಸು ಸಣ್ಣವು. ಸ್ನಾಯುಗುರುತು ಮಾತ್ರ ಎರಡರಲ್ಲೂ ಒಂದೇ. ಪ್ರಭೇದವೇ ಬೇರೆ ಎನ್ನುವಷ್ಟು ದೂರವಿಲ್ಲ, ಒಂದೇ ಎನ್ನುವಷ್ಟು ಹತ್ತಿರವೂ ಇಲ್ಲ. ಅದೇ ಪ್ರಭೇದದ ಹೊಸ ಉಪಪ್ರಭೇದ ಇರಬೇಕೆಂದು ಅವನಿಗೆ ಅನಿಸಿತು. ಅಣ್ಣನಿಗೆ ಹೇಳಿದಾಗ ಅವನು, ಹುಳದಾಗೂ ಒಳಪಂಗಡ ಅದಾವೇನು ಎಂದು ನಕ್ಕುಬಿಟ್ಟ.

ಒಂದು ಸಂಶಯ ಮಾತ್ರ ಉಳಿದಿತ್ತು. ಈ ಹುಳ ಬೆಳೆಯುತ್ತ ಹಾವು ಪೊರೆ ಬಿಡುವಂತೆ ಚಿಪ್ಪು ಕಳಚುತ್ತದೆ. ಸಣ್ಣ ಚಿಪ್ಪು ಸಿಕ್ಕರೆ ಅದು ಬೇರೆ ಬಗೆಯೋ, ಇಲ್ಲವೇ ದೊಡ್ಡದರ ಮರಿ ಬಿಟ್ಟುಹೋದದ್ದೋ ಎಂದು ತಿಳಿಯಬೇಕಾದರೆ ಚಿಪ್ಪಿನ ಒಳಗಡೆ ನೋಡಬೇಕು. ಬೆಳೆದ ಹುಳದ ಚಿಪ್ಪಿಗೆ ಮುಂದಿನ ಅಂಚಿನ ಒಳಬದಿಯಲ್ಲಿ ಸೀರೆಯ ದಡಿಯಂತೆ ಅಗಲವಾದ ಪಟ್ಟಿ ಇರುತ್ತದೆ, ಮರಿಗೆ ಅದು ಇರುವುದಿಲ್ಲ. ಸಾಲಿಯ ಹಳೆಯ ಸೂಕ್ಷ್ಮದರ್ಶಕದಲ್ಲಿ ಅಲ್ಲಿ ಬರೀ ಮಬ್ಬು ಕಾಣುತ್ತಿತ್ತು. ಶಿವಯೋಗೆಪ್ಪನ ಕಾಲೇಜಿನಲ್ಲಿ ಹೊಸದಿತ್ತು. ದೀಪಾವಳಿಗೆ ಬಂದವನ ಕೈಗೆ ಗಿರಮಲ್ಲಪ್ಪ ಕುಳಿಗಳಿದ್ದ ಆ ಚಿಪ್ಪುಗಳನ್ನೆಲ್ಲ, ಮುರಿದ ಅಂಚಿನದನ್ನೂ ಸೇರಿಸಿ, ಹತ್ತಿ ಹಾಸಿದ ಡಬ್ಬಿಯಲ್ಲಿಟ್ಟು ಕೊಟ್ಟ. ತಾನು ಕಂಡ ಲಕ್ಷಣಗಳನ್ನು ಬಾಯಿಬಿಟ್ಟು ವಿವರಿಸಿದ. ಶಿವಯೋಗೆಪ್ಪ ಭೂತಗನ್ನಡಿಯಲ್ಲಿ ನೋಡುತ್ತ ಬಹಳ ಹೊತ್ತು ಕೂತಿದ್ದ. ಹೊರಡುವಾಗ, ಪುಣೆಗೆ ಹೋದವನೇ ನೋಡುತ್ತೇನೆ ಎಂದ.

ಮುಂದಿನ ಬೇಸಿಗೆಗೆ ಬಂದಾಗ ಅವನು ತಾನಾಗಿ ವಿಷಯ ಎತ್ತಲಿಲ್ಲ. ಊಟವಾಗಿ, ಎಲೆಅಡಿಕೆಯಾಗಿ, ಕಡೆಗೆ ಗಿರಮಲ್ಲಪ್ಪನೇ ಕೇಳಿದ.

"ಮರಿ ಅದಾವ್ಲೇ ಅವು," ಎಂದ ಶಿವಯೋಗೆಪ್ಪ. "ಒಳಗ ಪಟ್ಟಿ ಇಲ್ಲ, ಏನಿಲ್ಲ. ದೊಡ್ಡದರ ಮರಿ ಬಿಟ್ಟ ಚಿಪ್ಪು. ನಾ ಛಲೋತಂಗ ನೋಡೀನಿ."

ಗಿರಮಲ್ಲಪ್ಪ ಎರಡನೆಯ ಪ್ರಶ್ನೆ ಕೇಳಲಿಲ್ಲ. ಕುಳಿಗಳ ಸಾಲು ಏಕೆ ಎಂದಾಗಲಿ, ತಳದ ಪದರಿನಲ್ಲಷ್ಟೇ ಮರಿಗಳು ಏಕೆ ಸತ್ತವು ಎಂದಾಗಲಿ ಕೇಳಬಹುದಿತ್ತು. ಆದರೆ ಹೇಳಿದವನು ಶಿವಯೋಗೆಪ್ಪ. ಒಳ್ಳೆಯ ಯಂತ್ರದಲ್ಲಿ ನೋಡಿದವನು, ಹೆಚ್ಚು ಓದಿದವನು, ತನ್ನವನು. ತನ್ನ ಕಣ್ಣೇ ಆಸೆಗೆ ಬಿದ್ದು ತನಗೆ ಮೋಸ ಮಾಡಿತೆಂದು ಅವನು ನಂಬಿದ. ಡಬ್ಬಿ ಪುಣೆಯಲ್ಲೇ ಉಳಿದಿದೆ ಎಂದಾಗ, ಇನ್ನು ಅದನ್ನು ತಂದು ಮಾಡುವುದೇನಿದೆ ಎಂದುಬಿಟ್ಟ. ಮರುದಿನ ಮನೆಯಲ್ಲಿದ್ದ ಗಸಿಯ ಬುಟ್ಟಿಯನ್ನು ಹೊತ್ತೊಯ್ದು ತಿಪ್ಪೆಗೆ ಸುರುವಿದ. ಬೋಗುಣಿಯನ್ನು ಸತ್ಯವ್ವ ಗುಜರಿಯವನಿಗೆ ಹಾಕಿದಳು.

ಅದಾಗಿ ಒಂದು ಮಳೆಗಾಲ ಕಳೆದ ಮೇಲೆ ಬೆಳಗಾವಿಯಲ್ಲಿ ವಿಜ್ಞಾನ ಕಲಿಸುವವರ ಸಮ್ಮೇಳನ ನಡೆಯಿತು. ಗಿರಮಲ್ಲಪ್ಪನೂ ಹೆಡ್‌ಮಾಸ್ತರರ ಜೊತೆ ಹೋಗಿದ್ದ. ಶಿವಯೋಗೆಪ್ಪನ ಭಾಷಣವಿದೆಯೆಂದು ಅಲ್ಲಿ ಹೋದ ಮೇಲೆ ತಿಳಿದು, ಖುಷಿಯಿಂದ ಮುಂದಿನ ಸಾಲಿನಲ್ಲಿ ಕೂತ. ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು ಸಭಾಂಗಣವನ್ನು ಕತ್ತಲೆ ಮಾಡಿದರು. ಗೋಡೆಯ ಮೇಲೆ ಸ್ಲೈಡುಗಳು ಒಂದೊಂದಾಗಿ ಬಿದ್ದವು: ಕರಿಕಲ್ಲಿನ ಗುಡ್ಡ, ನಕಾಶೆ, ಬಳಿಕ ಒಂದು ಚಿಪ್ಪು, ಆಳೆತ್ತರದ್ದು.

ಹಿಂಬದಿಯ ಅಂಚಿನಲ್ಲಿ ಕಚ್ಚಿದ ರೊಟ್ಟಿಯಂತೆ ತುಣುಕು ಹಾರಿತ್ತು.

ಅವನು ಮೊದಲು ಗುರುತು ಹಿಡಿದದ್ದು ಅದನ್ನೇ, ಜಾತ್ರೆಯ ಜನದಲ್ಲಿ ಮನೆಯ ಕುರಿಯನ್ನು ಗುರುತು ಹಿಡಿದಂತೆ. ಸಂತೋಷವೇ ಆಯಿತು. ಆಮೇಲೆ ಅದೇ ಚಿಪ್ಪಿನ ಒಳಮೈ ಬಿತ್ತು. ಮುಂದಿನ ಅಂಚಿಗೆ ಹೊಂದಿಕೊಂಡು, ತಿಳಿಯದವರಿಗೂ ಕಾಣುವ ಹಾಗೆ, ಅಗಲವಾದ ಪಟ್ಟಿ. ಕೋಲಿನ ತುದಿಯನ್ನು ಅದರ ಮೇಲೆ ಇಟ್ಟು ಶಿವಯೋಗೆಪ್ಪ ಇಂಗ್ಲಿಷಿನಲ್ಲಿ ಹೇಳುತ್ತಿದ್ದ: ಕೆಲವರು ಇದನ್ನು ಮರಿಯ ಚಿಪ್ಪೆಂದು ಶಂಕಿಸಬಹುದು, ಆದರೆ ಈ ಪಟ್ಟಿ ನೋಡಿದ ಮೇಲೆ ಶಂಕೆಗೆ ಎಡೆಯಿಲ್ಲ, ಇದು ಪೂರ್ಣ ಬೆಳೆದದ್ದು. ಬೆನ್ನಿನ ಇಳಿತ, ಚೂಪಾದ ಹಿಂತುದಿ, ಕುಳಿಗಳ ಸಾಲು, ಒಂದೊಂದು ಲಕ್ಷಣವೂ ದೀಪಾವಳಿಯ ದಿನ ಗಿರಮಲ್ಲಪ್ಪ ಹೇಳಿದ ಕ್ರಮದಲ್ಲೇ ಬಂತು. ಹೊಸ ಉಪಪ್ರಭೇದ, ವಿವರಣೆ ಆಗಲೇ ಅಚ್ಚಾಗಿದೆ.

ಕಡೆಗೆ ಅವನು ಹೆಸರು ಹೇಳಿದ. ಈ ಪದರನ್ನು ತನಗೆ ತೋರಿಸಿದ ಗೆಳೆಯನ ಗೌರವಕ್ಕಾಗಿ ಉಪಪ್ರಭೇದಕ್ಕೆ ಲ್ಯಾಟಿನ್ ರೀತಿಯಲ್ಲಿ 'ಗಿರಮಲ್ಲಪ್ಪೈ' ಎಂದು ಹೆಸರಿಟ್ಟಿದ್ದೇನೆ, ಅವರು ಇಲ್ಲಿಯೇ ಕೂತಿದ್ದಾರೆ ಎಂದ. ಕಂಬಳಿ ಸರಿಸಿದರು. ಬೆಳಕಿನಲ್ಲಿ ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ತೋಳು ಹಿಡಿದು ಎಬ್ಬಿಸಿದರು. ಗಿರಮಲ್ಲಪ್ಪ ಎದ್ದು ನಿಂತು ಕೈಮುಗಿದ.

ಜಮಖಂಡಿಯಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಸಾಲಿಯಲ್ಲಿ ಸಭೆ ಕರೆದು ಹಾರ ಹಾಕಿ, ತೆಂಗಿನಕಾಯಿ ಕೊಟ್ಟರು. ನಮ್ಮ ಮಾಸ್ತರರ ಹೆಸರು ವಿಲಾಯತಿಯ ಪುಸ್ತಕದಲ್ಲೂ ಬರುತ್ತದೆ ಎಂದು ಹೆಡ್‌ಮಾಸ್ತರರು ಭಾಷಣ ಮಾಡಿದರು. ಇಂಥ ಗೆಳೆಯ ಎಲ್ಲರಿಗೂ ಸಿಗಬೇಕು ಎಂದರು. ಹಾರದ ಭಾರ ಹೊತ್ತು ಕೂತ ಗಿರಮಲ್ಲಪ್ಪನಿಗೆ ತಾನು ಈಗ ಬಾಯಿಬಿಟ್ಟರೆ ಏನಾಗುತ್ತದೆಂದು ಸ್ಪಷ್ಟವಾಗಿ ಕಂಡಿತು. ಹೆಸರಿಟ್ಟು ಮೆರೆಸಿದವನ ಮೇಲೆಯೇ ಕೂಗಾಡುತ್ತಾನಲ್ಲ ಎನ್ನುತ್ತಾರೆ. ಕದ್ದವನು ಕದ್ದದ್ದರ ಮೇಲೆ ಇವನ ಹೆಸರನ್ನೇ ಬರೆದಿಟ್ಟಿದ್ದ. ಅದನ್ನು ಕಳವು ಎಂದು ಯಾರಿಗೆ ಹೇಳುವುದು?

ಸತ್ಯವ್ವನಿಗೆ ಹೇಳಿದ. ಹಾರವನ್ನು ದೇವರ ಮುಂದಿಟ್ಟು ಬಂದ ಅವಳು ಮೊದಲು ಅವನ ಮಾತನ್ನು ಹಿಡಿಯಲಿಲ್ಲ. ಹೆಸರು ಇಟ್ಟಿದ್ದಾರಲ್ಲ, ಮತ್ತೇನಾಯಿತು ಎಂದಳು. ಅವನು ಮತ್ತೊಮ್ಮೆ ಮೊದಲಿನಿಂದ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿ, "ಹಂಗಾರ ಆ ಬುಟ್ಟಿ ತಿಪ್ಪಿಗೆ ಸುರುವಿದ್ರೆಲ್ರಿ," ಎಂದಳು. ಅಷ್ಟು ದಿನ ತಡೆದದ್ದು ಆಗ ತಡೆಯದೆ ಗಿರಮಲ್ಲಪ್ಪ ಅತ್ತ.

ಸಂಕ್ರಾಂತಿಗೆ ಶಿವಯೋಗೆಪ್ಪ ರಬಕವಿಗೆ ಬಂದಿದ್ದಾನೆಂದು ಕೇಳಿ ಗಿರಮಲ್ಲಪ್ಪನೇ ಅಲ್ಲಿಗೆ ಹೋದ. ಓಣಿಯ ಎರಡೂ ಬದಿಗೆ ಮಗ್ಗಗಳ ಸದ್ದು. ಶಿವಯೋಗೆಪ್ಪನ ತಾಯಿ ಹೊಳೆವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ಎದ್ದು ಬಂದು, ಭಾಳ ದಿನಕ್ಕ ಬಂದ್ಯೋ ಎಪ್ಪಾ ಎಂದು ಎಳ್ಳುಬೆಲ್ಲ ಕೊಟ್ಟು, ಮಕ್ಕಳಿಬ್ಬರೂ ಮಾತಾಡಲೆಂದು ಒಳಗೆ ಹೋದಳು. ಶಿವಯೋಗೆಪ್ಪ ನಗುತ್ತ ಚಾಪೆ ಹಾಸಿದ. ಗಿರಮಲ್ಲಪ್ಪ ಕೂರಲಿಲ್ಲ.

"ಒಂದ ಮಾತು ಕೇಳಾಕ ಬಂದೇನಿ," ಎಂದ. "ಮರಿ ಅದಾವು ಅಂತ ಹೇಳಿದ್ದೆಲ್ಲ, ಆ ದಿನ ನಿನಗ ಹಂಗ ಅನಿಸಿತ್ತೋ, ಇಲ್ಲೋ?"

ಶಿವಯೋಗೆಪ್ಪ ಬೇರೆ ಮಾತುಗಳಿಂದ ಸುರುಮಾಡಿದ. ನೀನು ಬರೆದಿದ್ದರೆ ಯಾರು ಅಚ್ಚು ಹಾಕುತ್ತಿದ್ದರು, ಹೈಸ್ಕೂಲು ಮಾಸ್ತರನ ಮಾತನ್ನು ಅಲ್ಲಿ ಕೇಳುವವರು ಯಾರು ಎಂದ. ತನ್ನ ಕೆಲಸ ಆ ವರ್ಷ ಕಾಯಂ ಆಗಬೇಕಿತ್ತು, ಹೊಸದೊಂದನ್ನು ತೋರಿಸದಿದ್ದರೆ ಆಗುತ್ತಿರಲಿಲ್ಲ ಎಂದ. ಹೊಸ ಹುಳದ ಬಗ್ಗೆ ಬರೆದವನು ಅದಕ್ಕೆ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಹಾಗಿಲ್ಲ, ನೀನೇ ಬರೆದಿದ್ದರೆ ನಿನ್ನ ಹೆಸರು ಅದಕ್ಕೆ ಬರುತ್ತಲೇ ಇರಲಿಲ್ಲ ಎಂದೂ ಹೇಳಿದ. ಇದನ್ನು ಹೇಳುವಾಗ ಅವನ ಮುಖದಲ್ಲಿ ನಿಜವಾದ ಪ್ರೀತಿಯೇ ಇತ್ತು. ಗಿರಮಲ್ಲಪ್ಪನಿಗೆ ಸಹಿಸಲಾಗದೆ ಹೋದದ್ದು ಅದೇ.

"ನಾ ಕೇಳಿದ್ದಕ್ಕ ಹೇಳು."

ಶಿವಯೋಗೆಪ್ಪ ಬಾಗಿಲ ಕಡೆ ನೋಡಿದ. "ಮೊದಲನೇ ದಿನ ಖರೇನ ಮರಿ ಅನಿಸಿತ್ತು," ಎಂದ. "ಆಮ್ಯಾಲೆ ಒಂದನ್ನ ಒಡದು ಒಳಗ ನೋಡಿದೆ. ಆವಾಗ ಗೊತ್ತಾತು."

"ನನಗ ಹೇಳೂ ಮೊದಲ?"

"ಹೂಂ. ಮೊದಲ."

ಗಿರಮಲ್ಲಪ್ಪ ಹೊಸ್ತಿಲು ದಾಟಿದ. ಹೊಳೆವ್ವ ರೊಟ್ಟಿ ಬಡಿಯುತ್ತಿದ್ದೇನೆ, ಉಂಡು ಹೋಗೆಂದು ಒಳಗಿನಿಂದ ಕೂಗಿದ್ದು ಕೇಳಿಸಿತು. ಮಗ್ಗದ ಸದ್ದಿನಲ್ಲಿ ಕೇಳಿಸದವನಂತೆ ನಡೆದುಬಿಟ್ಟ.

ಅವನು ಯಾರ ಬಳಿಯೂ ದೂರು ಹೇಳಲಿಲ್ಲ. ಸಾಲಿಯಲ್ಲಿ ಪಾಠ ಮಾಡಿದ, ಇನ್‌ಸ್ಪೆಕ್ಟರು ಬಂದಾಗಲೆಲ್ಲ ಹೆಡ್‌ಮಾಸ್ತರರು ಇವರ ಹೆಸರಿನ ಹುಳವಿದೆ ಎಂದು ಪರಿಚಯಿಸಿದಾಗ ತಲೆ ತಗ್ಗಿಸಿದ. ಅದನ್ನು ಎಲ್ಲರೂ ವಿನಯ ಎಂದುಕೊಂಡರು. ಅವನನ್ನು ಕೊರೆಯುತ್ತಿದ್ದದ್ದು ಹೆಸರಲ್ಲ, ಅಚ್ಚಾದ ಪುಟವೂ ಅಲ್ಲ. ಸರಿಯಾಗಿ ಕಂಡಿದ್ದ ತನ್ನ ಕಣ್ಣನ್ನು ತಾನೇ ಸುಳ್ಳೆಂದು ತಳ್ಳಿಹಾಕಿದೆನಲ್ಲ, ಹಾಗೆ ಮಾಡಿಸಿದವನು ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದನಲ್ಲ ಎಂಬುದು.

ಐವತ್ತಾರರ ಬೇಸಿಗೆಯಲ್ಲಿ ಶಿವಯೋಗೆಪ್ಪ ತಾನೇ ಜಮಖಂಡಿಗೆ ಬಂದ. ಸೊರಗಿದ್ದ. ಕಲ್ಕತ್ತೆಯ ಒಬ್ಬ ಪಂಡಿತರು ಅವನ ಉಪಪ್ರಭೇದವನ್ನು ಅಲ್ಲಗಳೆದಿದ್ದರು. ಅದು ದೊಡ್ಡದರ ಮರಿ ಇರಬೇಕು, ಒಂದೆರಡು ಚಿಪ್ಪಿನಲ್ಲಿ ಪಟ್ಟಿ ಕಂಡರೆ ಸಾಲದು, ಮರಿಯಿಂದ ಬೆಳೆದದ್ದರವರೆಗೆ ಎಲ್ಲ ಹಂತದ ಚಿಪ್ಪುಗಳನ್ನೂ ಜೋಡಿಸಿ ತೋರಿಸದೆ ಒಪ್ಪಲಾಗದು ಎಂದಿದ್ದರು. ಅವನ ಬಳಿ ಇದ್ದದ್ದು ಆ ಡಬ್ಬಿಯ ಚಿಪ್ಪುಗಳಷ್ಟೇ. ಪದರಿನ ಕಲ್ಲು ಬೇಕಿತ್ತು. ಸತ್ಯವ್ವ ಚಹಾ ತಂದಿಟ್ಟವಳೇ ಒಳಗೆ ಹೋದಳು. ಗಿರಮಲ್ಲಪ್ಪ ಅಂಗಿ ತೊಟ್ಟುಕೊಂಡು, ನಡೆ ತೋರಿಸುತ್ತೇನೆ ಎಂದ. ಏಕೆ ಒಪ್ಪಿದೆನೆಂದು ಅವನಿಗೇ ತಿಳಿಯಲಿಲ್ಲ.

ಇಬ್ಬರೂ ಬೀಳಗಿಯ ಬಸ್ಸು ಹತ್ತಿದರು. ಪಾಂಡಪ್ಪನಿಗೆ ಇದಾವುದೂ ಗೊತ್ತಿರಲಿಲ್ಲ. ತಮ್ಮನ ಹೆಸರು ದೊಡ್ಡದು ಮಾಡಿದವನೆಂದು ಶಿವಯೋಗೆಪ್ಪನಿಗೆ ರೊಟ್ಟಿ, ಕೆನೆಮೊಸರು ಬಡಿಸಿ ಉಪಚಾರ ಮಾಡಿದ. ಬಾವಿಯಲ್ಲಿ ನೀರು ತಳ ಹಿಡಿದಿತ್ತು. ಕೆಳಗಿಳಿಯಲು ಗಿರಮಲ್ಲಪ್ಪ ಒಪ್ಪಲಿಲ್ಲ. "ನೀನ ಇಳಿ. ನಿನ್ನ ಪದರು," ಎಂದ.

ಪಾಂಡಪ್ಪ ಹಗ್ಗ ಹಿಡಿದ. ಎಂದೂ ಬಾವಿಗಿಳಿಯದ, ಆ ಪದರನ್ನು ಕಣ್ಣಾರೆ ಕಂಡಿರದ ಶಿವಯೋಗೆಪ್ಪ ಹಗ್ಗಕ್ಕೆ ಜೋತುಬಿದ್ದು ಇಳಿದು, ಕರಿಕಲ್ಲಿನ ಕೆಳಗೆ ಮೊದಲು ಸಿಕ್ಕ ಮೆತ್ತನೆಯದನ್ನು ಅಗೆದು ಚೀಲ ತುಂಬಿಕೊಂಡು ಮೇಲೆ ಬಂದ. ಚೀಲದ ಬಾಯಲ್ಲಿ ಕಂಡದ್ದು ಹಳದಿ ಜೇಡಿ. ಅದರಲ್ಲಿ ಒಂದೂ ಚಿಪ್ಪಿಲ್ಲ. ಬಿಳಿಯ ಪದರು ಅದಕ್ಕೂ ಕೆಳಗೆ, ಪಾಚಿ ಕಟ್ಟಿದ ಕಡೆ ಇತ್ತು. ಗಿರಮಲ್ಲಪ್ಪ ನೋಡಿದ, ಏನೂ ಹೇಳಲಿಲ್ಲ.

ರಸ್ತೆಯ ಬೇವಿನ ಮರದ ಕೆಳಗೆ ಬಸ್ಸಿಗೆ ಕಾಯುತ್ತ ಕೂತರು. ಶಿವಯೋಗೆಪ್ಪ ಚೀಲದ ಮೇಲೆ ಕೈಯಿಟ್ಟುಕೊಂಡಿದ್ದ. ಇವನು ಪುಣೆಗೆ ಹೋಗಿ ಇದನ್ನು ಕುದಿಸುತ್ತಾನೆ, ಸೋಸುತ್ತಾನೆ, ತಿಂಗಳಾನುಗಟ್ಟಲೆ ಕುಂಚ ಹಿಡಿದು ಕೂರುತ್ತಾನೆ, ಏನೂ ಸಿಗುವುದಿಲ್ಲ. ಹಾಗೆ ನೆನೆಯುತ್ತ ಗಿರಮಲ್ಲಪ್ಪನಿಗೆ ಎಷ್ಟೋ ದಿನಕ್ಕೆ ಎದೆ ತಂಪಾಯಿತು. ಆ ತಂಪು ಬಹಳ ಹೊತ್ತು ನಿಲ್ಲಲಿಲ್ಲ. ಸಿಗದಿದ್ದರೆ ಕಲ್ಕತ್ತೆಯವರು ಏನನ್ನುತ್ತಾರೆ? ಮರಿ ಎನ್ನುತ್ತಾರೆ. ಹುಟ್ಟಿ, ಬೆಳೆದು, ಆ ಕೆರೆಯಲ್ಲಿ ಬದುಕಿ ಸತ್ತದ್ದನ್ನು ಮತ್ತೊಮ್ಮೆ ಸುಳ್ಳು ಮಾಡಿದಂತಾಗುತ್ತದೆ, ಈ ಸಲ ತಾನು ಬಾಯಿ ಮುಚ್ಚಿದ್ದರಿಂದ. ಪಕ್ಕದಲ್ಲಿ ಕೂತು, ಗೊತ್ತಿದ್ದೂ ಹೇಳದೆ ಇರುವುದು ಎಷ್ಟು ಸಲೀಸೆಂದು ಅವನಿಗೆ ಆ ಮರದ ಕೆಳಗೆ ತಿಳಿಯಿತು. ಅದು ಅವನಿಗೆ ಹೇಸಿಗೆಯಾಯಿತು.

"ಅದಲ್ಲ ಅದು," ಎಂದ. "ಕೆಳಗ ಬಿಳೀದೈತಿ, ಪಾಚಿ ಕೆರದ ನೋಡು. ತಳದ ಗೇಣಿನಾಗ ಸಿಗತಾವು."

ಶಿವಯೋಗೆಪ್ಪ ಚೀಲ ನೋಡಿದ, ಅವನನ್ನು ನೋಡಿದ. ಕಣ್ಣು ತುಂಬಿಕೊಂಡು, ನೀನೂ ಬಾ ಎಂದ. ಇಬ್ಬರೂ ಕೂಡಿಯೇ ಮಾಡೋಣ, ಈ ಸಲ ಇಬ್ಬರ ಹೆಸರಿನಲ್ಲೂ ಬರೆಯೋಣ ಎಂದ.

"ಅಣ್ಣ ಅದಾನ, ಹಗ್ಗ ಹಿಡೀತಾನ," ಎಂದು ಹೇಳಿ ಗಿರಮಲ್ಲಪ್ಪ ಎದ್ದು ನಿಂತ. ದೂಳೆಬ್ಬಿಸುತ್ತ ಬಸ್ಸು ಬಂತು. ಶಿವಯೋಗೆಪ್ಪ ಜೇಡಿಯನ್ನು ರಸ್ತೆಯ ಬದಿಗೆ ಸುರುವಿ, ಬರಿದಾದ ಚೀಲ ಹಿಡಿದು ಹೊಲದ ಹಾದಿಯಲ್ಲಿ ಹಿಂದಕ್ಕೆ ನಡೆದ. ಗಿರಮಲ್ಲಪ್ಪ ಒಬ್ಬನೇ ಜಮಖಂಡಿಗೆ ಬಂದ.

ಆ ವರ್ಷದ ಕೊನೆಗೆ ಊರು ಮುಂಬೈ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಶಿವಯೋಗೆಪ್ಪನ ಎರಡನೆಯ ಬರಹ ಅಚ್ಚಾಯಿತು, ಕಲ್ಕತ್ತೆಯವರೂ ಒಪ್ಪಿದರು. ಅದರ ಕೊನೆಯಲ್ಲಿ ಬಾವಿಯ ಒಡೆಯ ಪಾಂಡಪ್ಪನಿಗೆ ವಂದನೆ ಹೇಳಿತ್ತು. ತನ್ನ ಹೆಸರು ಇಂಗ್ಲಿಷಿನಲ್ಲಿ ಅಚ್ಚಾದದ್ದನ್ನು ಪಾಂಡಪ್ಪ ತಮ್ಮನಿಂದ ಓದಿಸಿ ಕೇಳಿ ಬೀಗಿದ.

ಗಿರಮಲ್ಲಪ್ಪ ಮತ್ತೆ ರವಿವಾರಗಳಲ್ಲಿ ಹೊರಗೆ ಹೋಗತೊಡಗಿದ. ಮುಧೋಳದ ಕಡೆ ಎಲ್ಲಿ ಬಾವಿ ತೋಡಿದರೂ ಹೋಗಿ ದಂಡೆಯ ಮೇಲೆ ಕೂತು ಕಲ್ಲು ತಿರುವಿ ನೋಡುತ್ತಿದ್ದ. ಸತ್ಯವ್ವ ಈ ಸಲ ಕೇಳದೆಯೇ ಒಂದು ಹೊಸ ಪಾತ್ರೆ ತಂದಿಟ್ಟಳು. ಶಂಖದಂಥ ಸಣ್ಣ ಹುಳ, ಮೀನಿನ ಹಲ್ಲು, ಬೇರೆ ಬೇರೆ ಚಿಪ್ಪು, ಸಿಕ್ಕಿದ್ದನ್ನೆಲ್ಲ ತೊಳೆದು ಆರಿಸಿ ಇಟ್ಟ. ಅದರಲ್ಲಿ ಕೆಲವು ಹೊಸವೇ ಇರಬಹುದೆಂದು ಅವನಿಗೆ ಅನಿಸುತ್ತಿತ್ತು. ಧಾರವಾಡದಿಂದಲೋ ಬೆಳಗಾವಿಯಿಂದಲೋ ಯಾರಾದರೂ ಓದಿದವರು ಬಂದು, ಏನಾದರೂ ಸಿಕ್ಕಿದೆಯೇ ಮಾಸ್ತರರೇ ಎಂದು ಕೇಳಿದರೆ, ಏನಿಲ್ಲರಿ, ಬರೇ ಕಲ್ಲು ಎಂದು ಹೇಳಿ ಚಹಾ ಕುಡಿಸಿ ಕಳಿಸುತ್ತಿದ್ದ.